ನುಂಗಿದ್ದೆಷ್ಟು, ನೆತ್ತರಿಗೆ ಸೇರಿದ್ದೆಷ್ಟು: ಗುಳಿಗೆಯೊಳಗಿನ ನ್ಯಾನೊ ಲೆಕ್ಕ

ಕಳೆದ ಮಳೆಗಾಲದಲ್ಲಿ ಕುಂದಗೋಳ ತಾಲ್ಲೂಕಿನ ನಮ್ಮ ಸಂಬಂಧಿಯೊಬ್ಬರು ಹುಬ್ಬಳ್ಳಿಯ ಮನೆಗೆ ಬಂದವರು ಅಂಗಿಯ ಕಿಸೆಯಿಂದ ಎರಡು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಎರಡರ ಮೇಲೂ ಇಟ್ರಾಕೊನಜೋಲ್ ಎಂದೇ ಅಚ್ಚಾಗಿತ್ತು. ಒಂದರಲ್ಲಿ 100 ಮಿ.ಗ್ರಾಂ, ಇನ್ನೊಂದರಲ್ಲಿ 65 ಮಿ.ಗ್ರಾಂ. ಸೊಂಟದಿಂದ ತೊಡೆಯವರೆಗೆ ಹಬ್ಬಿದ್ದ ಹುಳಕಡ್ಡಿಗೆ ಮೊದಲು ಒಬ್ಬ ವೈದ್ಯರು 100ರ ಕ್ಯಾಪ್ಸೂಲನ್ನು ಕೊಟ್ಟಿದ್ದರು, ಜೊತೆಗೆ ಹೊಟ್ಟೆಯುರಿ ಆಗದಿರಲೆಂದು ಆಮ್ಲ ತಗ್ಗಿಸುವ ಗುಳಿಗೆಯನ್ನೂ ಬರೆದಿದ್ದರು. ಇವರು ಎರಡನ್ನೂ ನಸುಕಿನಲ್ಲಿ ಹೊಲಕ್ಕೆ ಹೋಗುವ ಮುನ್ನ ಬರಿಹೊಟ್ಟೆಯಲ್ಲಿ ನುಂಗಿ ಚಹಾ ಕುಡಿಯುತ್ತಿದ್ದರು. ತಿಂಗಳಾದರೂ ತುರಿಕೆ ಇಳಿಯಲಿಲ್ಲ. ಎರಡನೆಯ ವೈದ್ಯರು 65ರದ್ದನ್ನು ದಿನಕ್ಕೆ ಎರಡು ಬಾರಿ ಒಂದೊಂದರಂತೆ ಕೊಟ್ಟಾಗ, ‘100ಕ್ಕೇ ಬಗ್ಗದ ರೋಗ 65ಕ್ಕೆ ಬಗ್ಗೀತೇ’ ಎಂದು ತಾವೇ ನಿರ್ಧರಿಸಿ ಹೊತ್ತಿಗೆ ಎರಡೆರಡು ನುಂಗತೊಡಗಿದರು. ಎಂಟು ಹತ್ತು ದಿನಗಳಲ್ಲಿ ಪಾದ ಬಾತುಕೊಂಡಾಗಲೇ ಅವರಿಗೆ ಗಾಬರಿಯಾಗಿ ನನ್ನ ಬಳಿ ಬಂದದ್ದು. ಆ ಔಷಧಕ್ಕೆ ಪಾದ ಊದುವ ಅಡ್ಡಪರಿಣಾಮ ಇರುವುದು ಗೊತ್ತಿದ್ದರಿಂದ, ಅಂದೇ ವೈದ್ಯರ ಬಳಿ ಕರೆದೊಯ್ದು ಗುಳಿಗೆ ನಿಲ್ಲಿಸಿದೆವು.

ಫಾರ್ಮಸಿ ಓದಿ, ಔಷಧ ತಯಾರಿಕೆಯನ್ನೇ ಪಾಠ ಹೇಳುತ್ತಿರುವ ನನಗೆ ಆ ಎರಡು ಸ್ಟ್ರಿಪ್‌ಗಳು ಇಡೀ ಒಂದು ಸೆಮಿಸ್ಟರಿನ ಪಾಠದಂತೆ ಕಂಡವು. ಮೊದಲ ಸಲ ಅವರು ನುಂಗಿದ ಔಷಧದಲ್ಲಿ ಬಹುಪಾಲು ಕರಗದೆಯೇ ಕರುಳು ದಾಟಿ ಹೋಗಿರುವ ಸಾಧ್ಯತೆ ದೊಡ್ಡದು. ಎರಡನೆಯ ಸಲ, ಹೆಚ್ಚು ಹೀರಲ್ಪಡುವಂತೆ ತಯಾರಿಸಿದ ಔಷಧವನ್ನು ದಿನಕ್ಕೆ 260 ಮಿ.ಗ್ರಾಂ ನುಂಗಿದರು, ಅದು ಹಳೆಯ ಕ್ಯಾಪ್ಸೂಲಿನ ಲೆಕ್ಕದಲ್ಲಿ ಸುಮಾರು 400 ಮಿ.ಗ್ರಾಂ. ಏಕೆಂದರೆ ಈ ಹೊಸ ಬಗೆಯ 65, ಹಳೆಯ ಬಗೆಯ 100ಕ್ಕೆ ಸಮವೆಂದೇ ನಿಗದಿಯಾದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ 2018ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹೆಸರು ಒಂದೇ, ಅಣು ಒಂದೇ, ಅಂಕಿ ಮಾತ್ರ ಬೇರೆ. ಆ ಅಂಕಿಯ ಅರ್ಥವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಬಾಯಿಯ ಮೂಲಕ ಕೊಡುವ ಔಷಧಗಳಿಗೆ ನ್ಯಾನೊ ತಂತ್ರಜ್ಞಾನ (ವಸ್ತುವನ್ನು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣ ಕಣಗಳಾಗಿಸುವ ವಿದ್ಯೆ) ಏನು ಮಾಡಿದೆ, ಏನು ಮಾಡಿಲ್ಲ ಎಂಬುದನ್ನು ಇಲ್ಲಿಂದಲೇ ಬಿಡಿಸಿ ನೋಡುವುದು ಒಳ್ಳೆಯದು. ನ್ಯಾನೊ ಎಂಬ ಪದವನ್ನು ನಮ್ಮ ಭಾಗದ ಬಹುತೇಕ ರೈತರು ಮೊದಲು ಕೇಳಿದ್ದು 2021ರಲ್ಲಿ ಇಫ್ಕೊ ಸಂಸ್ಥೆ ಅರ್ಧ ಲೀಟರಿನ ಯೂರಿಯಾ ಬಾಟಲಿ ತಂದಾಗ; ಔಷಧಿ ಅಂಗಡಿಯಲ್ಲಿ ಅದು ಅದಕ್ಕೂ ಮುಂಚೆಯೇ, ಸದ್ದಿಲ್ಲದೆ ಬಂದು ಕುಳಿತಿತ್ತು.

ನುಂಗಿದ ಗುಳಿಗೆ ಮೊದಲು ಒಡೆಯಬೇಕು, ಅದರೊಳಗಿನ ಔಷಧ ಹೊಟ್ಟೆ ಕರುಳಿನ ನೀರಿನಲ್ಲಿ ಅಣು ಅಣುವಾಗಿ ಕರಗಬೇಕು, ಕರಗಿದ ಅಣು ಕರುಳಿನ ಲೋಳೆಯನ್ನೂ ಜೀವಕೋಶಗಳ ಗೋಡೆಯನ್ನೂ ದಾಟಬೇಕು, ದಾಟುವಾಗ ಅಲ್ಲಿಯೇ ಇರುವ ಕಿಣ್ವಗಳ ಕೈಗೆ ಸಿಗದಂತೆ ಉಳಿಯಬೇಕು, ಆ ಬಳಿಕ ಯಕೃತ್ತನ್ನು ಹಾದು ಉಳಿದದ್ದಷ್ಟೇ ಮೈಯ ರಕ್ತಕ್ಕೆ ಸೇರುತ್ತದೆ. ನುಂಗಿದ್ದರಲ್ಲಿ ಹೀಗೆ ಕೊನೆಗೆ ರಕ್ತಕ್ಕೆ ತಲುಪಿದ ಪಾಲನ್ನು ಜೈವಿಕ ಲಭ್ಯತೆ ಎನ್ನುತ್ತಾರೆ. ಇದಕ್ಕೆಲ್ಲ ಸಿಗುವ ಸಮಯವೂ ಬಹಳವಿಲ್ಲ: ಸಣ್ಣ ಕರುಳನ್ನು ಹಾದುಹೋಗಲು ಗುಳಿಗೆಗೆ ಸಾಮಾನ್ಯವಾಗಿ 3ರಿಂದ 4 ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಕರಗದೇ ಉಳಿದದ್ದು ಬಹುಮಟ್ಟಿಗೆ ವ್ಯರ್ಥ.

ಕರಗುವುದೇ ದೊಡ್ಡ ತೊಡಕು. ಇಂದು ಬಳಕೆಯಲ್ಲಿರುವ ಬಾಯಿ ಔಷಧಗಳಲ್ಲಿ ನೂರಕ್ಕೆ ಸುಮಾರು 40 ನೀರಿನಲ್ಲಿ ಸರಿಯಾಗಿ ಕರಗದಂಥವು ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಅಂದಾಜು. ಇದನ್ನು ಅರಿಯಲು ನಮ್ಮ ಅಡುಗೆಮನೆಯೇ ಸಾಕು. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಬರೀ ನೀರಿಗೆ ಹಾಕಿ ಕಲಕಿದರೆ ಪುಡಿ ತೇಲುತ್ತದೆ, ನೀರು ಅಷ್ಟೇನೂ ಕೆಂಪೇರುವುದಿಲ್ಲ. ಅದೇ ಪುಡಿಯನ್ನು ಒಗ್ಗರಣೆಯ ಬಿಸಿ ಎಣ್ಣೆಗೆ ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಣ್ಣೆಯೆಲ್ಲ ಕೆಂಪಾಗುತ್ತದೆ. ಆ ಕಾಯಿಗೆ ಹೆಸರು ತಂದ ಬಣ್ಣ ಎಣ್ಣೆಯ ಸ್ನೇಹಿ, ನೀರಿನ ವೈರಿ. ಇಟ್ರಾಕೊನಜೋಲ್, ಫೆನೊಫೈಬ್ರೇಟ್, ಸೈಕ್ಲೊಸ್ಪೊರಿನ್‌ನಂತಹ ಔಷಧಗಳ ಸ್ವಭಾವವೂ ಇದೇ. ಇಂಥ ಕೆಲವು ಔಷಧಗಳನ್ನು ಹೊಟ್ಟೆ ತುಂಬ ಉಂಡ ಮೇಲೆಯೇ ನುಂಗಿರೆಂದು ಹೇಳುವುದರ ಹಿಂದಿನ ಕಾರಣವೂ ಇಲ್ಲಿದೆ: ಊಟದಲ್ಲಿನ ಜಿಡ್ಡು ಮತ್ತು ಅದಕ್ಕಾಗಿ ಸುರಿಯುವ ಪಿತ್ತರಸ ಅವುಗಳನ್ನು ಕರಗಿಸಲು ನೆರವಾಗುತ್ತವೆ. ಇಟ್ರಾಕೊನಜೋಲ್‌ಗೆ ಇದರ ಜೊತೆಗೆ ಹೊಟ್ಟೆಯ ಹುಳಿಯೂ ಬೇಕು. ನಮ್ಮ ಸಂಬಂಧಿಗೆ ಊಟವೂ ಇರಲಿಲ್ಲ, ಹುಳಿಯನ್ನೂ ಇನ್ನೊಂದು ಗುಳಿಗೆ ಅಡಗಿಸಿಬಿಟ್ಟಿತ್ತು.

ಘನವಸ್ತು ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಆರ್ಥರ್ ನಾಯ್ಸ್ ಮತ್ತು ವಿಲಿಸ್ ವಿಟ್ನಿ ಎಂಬಿಬ್ಬರು 1897ರಲ್ಲಿ ಕೊಟ್ಟ ಸೂತ್ರವೇ ಇಂದಿನ ಇಡೀ ನ್ಯಾನೊ ಔಷಧ ವಿಜ್ಞಾನದ ಅಡಿಗಲ್ಲು. ನೀರಿಗೆ ತಾಗುವ ಮೈ ಹೆಚ್ಚಿದಷ್ಟೂ ಕರಗುವ ವೇಗ ಹೆಚ್ಚುತ್ತದೆ ಎಂಬುದು ಅದರ ತಿರುಳು. ಕಲ್ಲುಸಕ್ಕರೆಗಿಂತ ಪುಡಿಸಕ್ಕರೆ ಬೇಗ ಕರಗುವುದು ಎಲ್ಲರಿಗೂ ಗೊತ್ತು, ಆದರೆ ನ್ಯಾನೊ ಮಟ್ಟದಲ್ಲಿ ಈ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂಬುದು ಅಷ್ಟು ಸುಲಭವಾಗಿ ಕಲ್ಪನೆಗೆ ಬರುವುದಿಲ್ಲ. ಒಂದು ಸೆಂಟಿಮೀಟರಿನ ಘನಾಕಾರದ ತುಂಡೊಂದರ ಆರು ಮುಖಗಳ ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೊಮೀಟರಿನ ತುಣುಕುಗಳಾಗಿ ಕತ್ತರಿಸಿದರೆ ಒಟ್ಟು ವಿಸ್ತೀರ್ಣ 60 ಚದರ ಮೀಟರ್ ಆಗುತ್ತದೆ, ಅಂದರೆ 20×30ರ ಒಂದು ನಿವೇಶನಕ್ಕಿಂತ ತುಸು ಹೆಚ್ಚು. ಪದಾರ್ಥ ಅಷ್ಟೇ, ಮೈ ಮಾತ್ರ ಲಕ್ಷಪಟ್ಟು. ಕಣ ತೀರ ಸಣ್ಣದಾದಾಗ ಅದು ಕರಗಬಲ್ಲ ಒಟ್ಟು ಪ್ರಮಾಣವೂ ತುಸು ಏರುತ್ತದೆ, ಆದರೆ ದೊಡ್ಡ ಲಾಭ ಬರುವುದು ವೇಗದಿಂದಲೇ.

ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ನನಗೆ ಪ್ರತಿ ವರ್ಷವೂ ಸಂತಸದ ಸಂಗತಿ. ಕರಗುವಿಕೆ ಪರೀಕ್ಷಿಸುವ ಯಂತ್ರದಲ್ಲಿ ಆರು ಗಾಜಿನ ಪಾತ್ರೆಗಳಿರುತ್ತವೆ. ಒಂದೊಂದರಲ್ಲೂ 900 ಮಿ.ಲೀ. ದ್ರವ, ಮೈಯ ಬಿಸಿಗೆ ಸಮನಾದ 37 ಡಿಗ್ರಿ, ನಿಧಾನವಾಗಿ ತಿರುಗುವ ಹುಟ್ಟು. ಫೆನೊಫೈಬ್ರೇಟಿನ ಒರಟು ಪುಡಿಯನ್ನು ಹಾಕಿದರೆ ಅದು ಜೋಳದ ಹಿಟ್ಟಿನಂತೆ ಮೇಲೆಯೇ ತೇಲುತ್ತದೆ, ಒದ್ದೆಯೇ ಆಗುವುದಿಲ್ಲ, ಗಾಜಿನ ಅಂಚಿಗೆ ಬೆಳ್ಳಗೆ ಅಂಟಿಕೊಳ್ಳುತ್ತದೆ. ಅದೇ ಔಷಧವನ್ನು ನೀರು ಮತ್ತು ಅಂಟುಗೂಡದಂತೆ ತಡೆಯುವ ಪಾಲಿಮರಿನ ಜೊತೆಗೆ ಸಣ್ಣ ಸಣ್ಣ ಮಣಿಗಳ ನಡುವೆ ತಾಸುಗಟ್ಟಲೆ ಅರೆದು ಹಾಕಿದರೆ, ತಳ ಕಾಣದ ತೆಳು ಹಾಲಿನ ಹಾಗೆ ಹರಡಿಕೊಳ್ಳುತ್ತದೆ. ಕೆಂಪು ಲೇಸರ್ ಪೆನ್ನು ಹಿಡಿದರೆ ಬೆಳಕಿನ ಗೆರೆ ದ್ರವದೊಳಗೆ ದಾರ ಎಳೆದಂತೆ ಕಾಣುತ್ತದೆ. ಈ ಅರೆಯುವ ಕ್ರಮ ತತ್ತ್ವದಲ್ಲಿ ನಮ್ಮ ಒರಳುಕಲ್ಲಿಗಿಂತ ಬೇರೆಯಲ್ಲ. ಒಣ ಪುಡಿಯನ್ನು ಬೀಸಿ ಒಂದು ಮಟ್ಟಕ್ಕಿಂತ ಸಣ್ಣದು ಮಾಡಲಾಗುವುದಿಲ್ಲ, ಹಸಿಯಾಗಿ ರುಬ್ಬಿದಾಗ ಮಾತ್ರ ನ್ಯಾನೊ ಮಟ್ಟಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಒಣಗಿಸಿ ಗುಳಿಗೆ ಒತ್ತುತ್ತಾರೆ.

ಫೆನೊಫೈಬ್ರೇಟಿನ ಕಥೆಯನ್ನು ಇನ್ನಷ್ಟು ಬೆಳೆಸಬೇಕು, ಏಕೆಂದರೆ ಇಡೀ ತಂತ್ರಜ್ಞಾನದ ಚರಿತ್ರೆ ಆ ಒಂದು ಔಷಧದ ಅಂಕಿಗಳಲ್ಲಿ ಬರೆದುಕೊಂಡಿದೆ. ರಕ್ತದ ಟ್ರೈಗ್ಲಿಸರೈಡ್ ತಗ್ಗಿಸುವ ಈ ಔಷಧ ಮೊದಮೊದಲು ದಿನಕ್ಕೆ 300 ಮಿ.ಗ್ರಾಂ ಬೇಕಿತ್ತು. ಪುಡಿಯನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಮಟ್ಟಕ್ಕೆ ಬೀಸಿದಾಗ 200 ಸಾಕಾಯಿತು. ಆ ಸಣ್ಣ ಪುಡಿಗೆ ನೀರುಸ್ನೇಹಿ ಲೇಪ ಕೊಟ್ಟಾಗ 160ಕ್ಕೆ ಇಳಿಯಿತು. 2004ರಲ್ಲಿ ಅಮೆರಿಕದಲ್ಲಿ ನ್ಯಾನೊ ಹರಳಿನ ಗುಳಿಗೆ ಒಪ್ಪಿಗೆ ಪಡೆದಾಗ 145 ಆಯಿತು. ಇವೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದ ಔಷಧವನ್ನು ರಕ್ತಕ್ಕೆ ಸೇರಿಸುತ್ತವೆ. ಆದರೆ 145ರ ನಿಜವಾದ ಹೆಗ್ಗಳಿಕೆ ಆ ಉಳಿಸಿದ 15 ಮಿಲಿಗ್ರಾಮಿನಲ್ಲಿಲ್ಲ. 160ನ್ನು ಊಟದ ಜೊತೆಗೇ ನುಂಗಬೇಕು, 145ನ್ನು ಉಂಡಾಗಲೂ ನುಂಗಬಹುದು, ಬರಿಹೊಟ್ಟೆಯಲ್ಲೂ ನುಂಗಬಹುದು. ಹುಬ್ಬಳ್ಳಿಯ ಯಾವುದೇ ದೊಡ್ಡ ಔಷಧಿ ಅಂಗಡಿಯ ಕಪಾಟಿನಲ್ಲಿ ಇಂದಿಗೂ 145, 160, 200 ಮೂರೂ ಅಕ್ಕಪಕ್ಕ ಇರುತ್ತವೆ. 200 ಎಂದರೆ ಜಾಸ್ತಿ ಪವರ್, 145 ಎಂದರೆ ಕಡಿಮೆ ಪವರ್ ಎಂದು ಗಿರಾಕಿಗೆ ಹೇಳುವ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಊಟದ ಮೇಲಿನ ಅವಲಂಬನೆ ತಪ್ಪಿಸುವುದು ಎಷ್ಟು ದೊಡ್ಡ ಉಪಕಾರ ಎಂಬುದು ಅಪ್ರೆಪಿಟೆಂಟ್ ಎಂಬ ಔಷಧದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾನ್ಸರಿಗೆ ಕಿಮೊ ಚಿಕಿತ್ಸೆ ಪಡೆಯುವವರಿಗೆ ವಾಂತಿ ಬರದಂತೆ ಇದನ್ನು ಕೊಡುತ್ತಾರೆ. ಇದರ ಒರಟು ರೂಪ ಊಟದೊಂದಿಗೆ ಒಂದು ಬಗೆ, ಬರಿಹೊಟ್ಟೆಯಲ್ಲಿ ಮತ್ತೊಂದು ಬಗೆಯಾಗಿ ಹೀರಲ್ಪಡುತ್ತಿತ್ತು. ವ್ಯತ್ಯಾಸ ಹಲವು ಪಟ್ಟು. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳದಿಂದ ನಸುಕಿನ ಬಸ್ಸು ಹಿಡಿದು ಬರುವವರನ್ನು ನೋಡಿದವರಿಗೆ ಗೊತ್ತು: ಅನ್ನ ಕಂಡರೆ ಹೊಟ್ಟೆ ತೊಳಸುವವರಿಗೆ ‘ಚೆನ್ನಾಗಿ ಊಟ ಮಾಡಿ ಆಮೇಲೆ ಈ ಗುಳಿಗೆ ತಗೊಳ್ಳಿ’ ಎನ್ನುವುದು ಎಂಥ ಕ್ರೂರ ಸಲಹೆ. 2003ರಲ್ಲಿ ಬಂದ ಅಪ್ರೆಪಿಟೆಂಟ್ ಕ್ಯಾಪ್ಸೂಲ್ ನ್ಯಾನೊ ಹರಳುಗಳಿಂದಲೇ ಮಾಡಿದ್ದು. ಊಟ ಮಾಡಿರಲಿ ಬಿಡಲಿ, ಅದು ಬಹುಮಟ್ಟಿಗೆ ಒಂದೇ ಬಗೆಯಾಗಿ ಹೀರಲ್ಪಡುತ್ತದೆ.

ಹರಳನ್ನು ಅರೆಯುವುದು ಒಂದು ದಾರಿಯಾದರೆ, ಒಗ್ಗರಣೆಯ ದಾರಿ ಇನ್ನೊಂದು: ಔಷಧವನ್ನು ಮೊದಲೇ ಎಣ್ಣೆಯಲ್ಲಿ ಕರಗಿಸಿ, ಹೊಟ್ಟೆಯ ನೀರಿಗೆ ಬಿದ್ದಕೂಡಲೇ ತಾನಾಗಿ ಅತಿ ಸಣ್ಣ ಹನಿಗಳಾಗಿ ಒಡೆಯುವಂತೆ ಸಿದ್ಧಪಡಿಸುವುದು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ಕಾಯುವ ಸೈಕ್ಲೊಸ್ಪೊರಿನ್ 1983ರಲ್ಲಿ ಬಂದಾಗ ಸಾದಾ ಎಣ್ಣೆಯ ರೂಪದಲ್ಲಿತ್ತು, ಅದರ ಹೀರುವಿಕೆ ಪಿತ್ತರಸದ ಮರ್ಜಿಗೆ ಬಿಟ್ಟದ್ದಾಗಿತ್ತು. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಮಾತ್ರವಲ್ಲ, ಒಬ್ಬರಲ್ಲೇ ದಿನದಿಂದ ದಿನಕ್ಕೆ ಏರುಪೇರು. ರಕ್ತದಲ್ಲಿ ಕಡಿಮೆಯಾದರೆ ಕಸಿ ಹೋಯಿತು, ಹೆಚ್ಚಾದರೆ ಅದೇ ಮೂತ್ರಪಿಂಡಕ್ಕೆ ವಿಷ. 1995ರಲ್ಲಿ ಬಂದ ಸೂಕ್ಷ್ಮ ಎಮಲ್ಷನ್ ರೂಪ ಈ ಏರುಪೇರನ್ನು ಬಹಳವಾಗಿ ತಗ್ಗಿಸಿತು. ನಮ್ಮ ಕಥೆಯ 65ರ ಇಟ್ರಾಕೊನಜೋಲ್ ಇವೆರಡಕ್ಕೂ ಸೇರಿದ್ದಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಅದು ನ್ಯಾನೊ ಔಷಧವೂ ಅಲ್ಲ, ಹರಳಿನ ಕಟ್ಟನ್ನೇ ಬಿಡಿಸಿ ಅಣುಗಳನ್ನು ಪಾಲಿಮರಿನೊಳಗೆ ಚದುರಿಸಿಟ್ಟ ನ್ಯಾನೊದ ದಾಯಾದಿ. ಗುರಿ ಮಾತ್ರ ಒಂದೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕರಗಿಸುವ ಕೆಲಸ. ಬಾಯಿ ಔಷಧಗಳಲ್ಲಿ ನ್ಯಾನೊ ತಂತ್ರಜ್ಞಾನ ನಿಜವಾಗಿ ಗೆದ್ದು ಮಾರುಕಟ್ಟೆಗೆ ಬಂದದ್ದು ಬಹುಪಾಲು ಈ ಕೆಲಸದಲ್ಲಿಯೇ ಎಂಬುದನ್ನು ಒತ್ತಿ ಹೇಳಬೇಕು. ಪತ್ರಿಕೆಗಳಲ್ಲಿ ಓದುವ ಇನ್ನೊಂದು ಚಿತ್ರ, ಅಂದರೆ ಔಷಧವನ್ನು ಹೊಟ್ಟೆಯೊಳಗಿಟ್ಟುಕೊಂಡ ನ್ಯಾನೊ ಕಣವು ಇಡಿಯಾಗಿ ಕರುಳಿನ ಗೋಡೆ ದಾಟಿ, ರಕ್ತದಲ್ಲಿ ಸಂಚರಿಸಿ, ರೋಗದ ಜಾಗಕ್ಕೇ ಹೋಗಿ ಬಿಚ್ಚಿಕೊಳ್ಳುತ್ತದೆ ಎಂಬ ಚಿತ್ರ, ಬಾಯಿಯ ಮಾರ್ಗದಲ್ಲಿ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದ್ದೇ.

ಆ ಪ್ರಯೋಗಾಲಯಗಳಲ್ಲಿ ಧಾರವಾಡದ ಪಾಲು ಸಣ್ಣದಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊ. ತೇಜರಾಜ ಅಮಿನಭಾವಿ ಮತ್ತು ಅವರ ವಿದ್ಯಾರ್ಥಿ ಬಳಗ ಔಷಧ ಹೊರುವ ಪಾಲಿಮರುಗಳ ಮೇಲೆ ದಶಕಗಟ್ಟಲೆ ದುಡಿದಿದೆ. ಮೈಯೊಳಗೆ ತಾನಾಗಿ ಕರಗಿಹೋಗುವ ಪಾಲಿಮರುಗಳಿಂದ ನ್ಯಾನೊ ಕಣ ಮಾಡುವ ಬಗೆಗಳನ್ನು ವಿಮರ್ಶಿಸಿ ಅವರು ಮತ್ತು ಸಹಲೇಖಕರು 2001ರಲ್ಲಿ ಜರ್ನಲ್ ಆಫ್ ಕಂಟ್ರೋಲ್ಡ್ ರಿಲೀಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ಸಂಶೋಧಕರು ಸಾವಿರಾರು ಬಾರಿ ಉಲ್ಲೇಖಿಸಿದ್ದಾರೆ. ಅದೇ ಕಾಲದಲ್ಲಿ ಅವರ ತಂಡ ಗ್ವಾರ್ ಗೋಂದನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಸುತ್ತಲಿನ ಹುಳಿ ಬದಲಾದಂತೆ ಉಬ್ಬುವ, ಔಷಧ ಬಿಟ್ಟುಕೊಡುವ ಸೂಕ್ಷ್ಮ ಜೆಲ್ ಕಣಗಳನ್ನೂ ಮಾಡಿತ್ತು. ಗ್ವಾರ್ ಎಂದರೆ ಬೇರೇನೂ ಅಲ್ಲ, ನಾವು ರೊಟ್ಟಿಯ ಜೊತೆಗೆ ಪಲ್ಯ ಮಾಡಿ ತಿನ್ನುವ ಚವಳಿಕಾಯಿ. ಅದರ ಬೀಜದ ಗೋಂದು. ಹೊಟ್ಟೆಯ ಹುಳಿಯಲ್ಲಿ ಮುದುಡಿಕೊಂಡಿದ್ದು ಕರುಳಿಗೆ ಇಳಿದ ಮೇಲೆ ತೆರೆದುಕೊಳ್ಳುವ ವಾಹಕ ಎಂಬ ಕಲ್ಪನೆ ಎಷ್ಟು ಸೊಗಸಾದದ್ದು ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ. ಇಂದಿಗೂ ನಮ್ಮ ಅವಳಿನಗರದ ಫಾರ್ಮಸಿ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಬಹಳ ಇಷ್ಟಪಟ್ಟು ಆರಿಸಿಕೊಳ್ಳುವ ವಿಷಯಗಳಲ್ಲಿ ನ್ಯಾನೊ ವಾಹಕವೂ ಒಂದು.

ಆದರೆ ಕರುಳು ಇರುವುದೇ ಹೊರಗಿನ ಕಣಗಳನ್ನು ತಡೆಯಲು. ಅದರ ಗೋಡೆಯ ಜೀವಕೋಶಗಳ ನಡುವಿನ ಬಿಗಿ ಸಂದು ಒಂದು ನ್ಯಾನೊಮೀಟರಿನ ಆಸುಪಾಸಿನದು. ನೂರು ನ್ಯಾನೊಮೀಟರಿನ ಕಣ ಅಲ್ಲಿ ನುಸುಳುವುದೆಂದರೆ ಎತ್ತಿನ ಬಂಡಿ ಬಾಗಿಲ ಸಂದಿಯಲ್ಲಿ ನುಸುಳಿದಂತೆ. ಅದಕ್ಕೂ ಮೊದಲು ಲೋಳೆಯ ಬಲೆ. ಅದು ಕಣಗಳನ್ನು ಅಂಟಿಸಿಕೊಂಡು ಕೆಲವೇ ಗಂಟೆಗಳಲ್ಲಿ ಕಳಚಿ ಹೊರಗೆ ಸಾಗಿಸುತ್ತದೆ. ರೋಗನಿರೋಧಕ ವ್ಯವಸ್ಥೆಗಾಗಿ ಕಣಗಳನ್ನು ನುಂಗಿ ಒಳಗೆ ಬಿಡುವ ಎಂ ಕೋಶಗಳೆಂಬ ಬಾಗಿಲುಗಳು ಇವೆಯಾದರೂ ಮನುಷ್ಯನ ಕರುಳಿನ ಮೈಯಲ್ಲಿ ಅವುಗಳ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಇಲಿಯ ಕರುಳಿನಲ್ಲಿ ಚೆನ್ನಾಗಿ ಕಂಡ ಫಲಿತಾಂಶ ಮನುಷ್ಯನಲ್ಲಿ ಮಸುಕಾಗುವುದು ಇಂಥ ಕಾರಣಗಳಿಂದ.

ಕ್ಷಯರೋಗದ ಉದಾಹರಣೆ ನನ್ನನ್ನು ಬಹುಕಾಲದಿಂದ ಕಾಡಿದೆ. ಚಂಡೀಗಡದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಜಿ.ಕೆ. ಖುಲ್ಲರ್ ಅವರ ತಂಡ 2003ರಲ್ಲಿ ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಾಜಿನಮೈಡ್ ಔಷಧಗಳನ್ನು ಪಾಲಿಮರಿನ ನ್ಯಾನೊ ಕಣಗಳಲ್ಲಿ ತುಂಬಿ, ಕ್ಷಯ ಸೋಂಕಿದ ಇಲಿಗಳಿಗೆ ಬಾಯಿಯ ಮೂಲಕ ಹತ್ತು ದಿನಕ್ಕೊಮ್ಮೆಯಂತೆ ಐದೇ ಸಲ ಕೊಟ್ಟಿತು. ಅವುಗಳ ಅಂಗಾಂಶಗಳಲ್ಲಿ ಕ್ಷಯಾಣು ಕಾಣಿಸಲಿಲ್ಲ. ಆರು ತಿಂಗಳು ದಿನವೂ ಗುಳಿಗೆ ನುಂಗಲಾಗದೆ ನಡುವೆಯೇ ಬಿಟ್ಟವರನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಹತ್ತು ದಿನಕ್ಕೊಂದು ಗುಳಿಗೆ ಎಂಬುದು ಎಂಥ ಆಸೆ ಹುಟ್ಟಿಸುವ ಮಾತು! ಅದಾಗಿ ಇಪ್ಪತ್ತು ವರ್ಷ ಮೀರಿದೆ. ನಮ್ಮ ಕ್ಷಯ ಚಿಕಿತ್ಸೆಯ ಗುಳಿಗೆ ಇಂದಿಗೂ ದಿನನಿತ್ಯದ್ದೇ. ಕಾರಣ ಅಸಡ್ಡೆ ಮಾತ್ರವಲ್ಲ. ಬೀಕರಿನಲ್ಲಿ ಗ್ರಾಂ ಲೆಕ್ಕದಲ್ಲಿ ಮಾಡಿದ ಕಣವನ್ನು ಕಾರ್ಖಾನೆಯಲ್ಲಿ ಕ್ವಿಂಟಲ್ ಲೆಕ್ಕದಲ್ಲಿ, ಪ್ರತಿ ಬ್ಯಾಚಿನಲ್ಲೂ ಅದೇ ಗಾತ್ರದಲ್ಲಿ ಮಾಡುವುದು ಕಷ್ಟ. ಕಣದ ತೂಕದಲ್ಲಿ ಔಷಧದ ಪಾಲು ಕಡಿಮೆಯಾದಷ್ಟೂ ಗುಳಿಗೆ ದೊಡ್ಡದಾಗುತ್ತದೆ, ಮತ್ತು ಕ್ಷಯದ ಔಷಧಗಳ ಪ್ರಮಾಣ ಮೊದಲೇ ದೊಡ್ಡದು. ಮನುಷ್ಯರ ಮೇಲಿನ ಪರೀಕ್ಷೆಗೆ ಬೇಕಾದ ಹಣವನ್ನು ಬಡವರ ರೋಗಕ್ಕೆ ಹೂಡುವವರು ವಿರಳ. ಈ ಮೂರರಲ್ಲಿ ಕೊನೆಯದು ಮಾತ್ರ ವಿಜ್ಞಾನದ ತೊಡಕಲ್ಲ, ಸರ್ಕಾರ ಮನಸ್ಸು ಮಾಡಿದರೆ ತೀರುವಂಥದ್ದು.

ಇನ್ಸುಲಿನ್‌ನಂಥ ದೊಡ್ಡ ಅಣುಗಳ ಕಥೆ ಇನ್ನೂ ಕಠಿಣ. ಇನ್ಸುಲಿನ್ ಚುಚ್ಚುಮದ್ದು ಬಂದು ನೂರು ವರ್ಷ ದಾಟಿದರೂ ನುಂಗುವ ಇನ್ಸುಲಿನ್ ಬಂದಿಲ್ಲ. ಬೆಂಗಳೂರಿನ ಬಯೋಕಾನ್ ಇನ್ಸುಲಿನ್ ಅಣುವನ್ನೇ ಮಾರ್ಪಡಿಸಿ ಮಾಡಿದ ಗುಳಿಗೆ ದೂರ ಸಾಗಿ ಬಂದಿತ್ತಾದರೂ 2011ರಲ್ಲಿ ಅದರ ಪರೀಕ್ಷೆ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಬಾಯಿ ಮೂಲಕ ಕೊಡಲಾಗದು ಎಂದುಕೊಂಡಿದ್ದ ಅಣುಗಳಲ್ಲಿ ಗೆದ್ದು ಬಂದ, ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಗುಳಿಗೆ ನ್ಯಾನೊ ಕಣವನ್ನು ಬಳಸುವುದಿಲ್ಲ. ಹೊಟ್ಟೆಯ ಗೋಡೆಯನ್ನು ಆ ಜಾಗದಲ್ಲಿ ಕ್ಷಣಕಾಲ ಸಡಿಲಿಸುವ ಒಂದು ಸಹಾಯಕ ರಾಸಾಯನಿಕವನ್ನು ಬಳಸುತ್ತದೆ. ಹಾಗಿದ್ದೂ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದರಷ್ಟು ಮಾತ್ರ. ಚುಚ್ಚುಮದ್ದಾದರೆ ವಾರಕ್ಕೆ 1 ಮಿ.ಗ್ರಾಂ ಸಾಕಾಗುವ ಔಷಧ ಗುಳಿಗೆಯಾದರೆ ದಿನಕ್ಕೆ 14, ಅಂದರೆ ವಾರಕ್ಕೆ 98 ಮಿ.ಗ್ರಾಂವರೆಗೆ ಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಅರ್ಧ ಲೋಟ ನೀರಿಗಿಂತ ಹೆಚ್ಚು ಕುಡಿಯದೆ ನುಂಗಿ, ಅರ್ಧ ಗಂಟೆ ಏನನ್ನೂ ಮುಟ್ಟಬಾರದು. ಎದ್ದಕೂಡಲೇ ಚಹಾ ಬೇಕೆನ್ನುವವರು ಈ ನಿಯಮ ಮುರಿದರೆ ಅಷ್ಟು ದುಬಾರಿ ಗುಳಿಗೆಯೂ ನಿಷ್ಫಲ.

ಹೆಚ್ಚು ಹೀರಲ್ಪಟ್ಟರೆ ಒಳ್ಳೆಯದೇ ಅಲ್ಲವೇ ಎಂಬ ಪ್ರಶ್ನೆಗೆ ಅರಿಸಿನದಲ್ಲಿ ಉತ್ತರವಿದೆ. ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಕರುಳು ಮತ್ತು ಯಕೃತ್ತು ಅದನ್ನು ಬಲುಬೇಗ ಮಾರ್ಪಡಿಸಿ ಹೊರಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದಂತೆ, 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಅದಕ್ಕೆ ಕರಿಮೆಣಸಿನ ಪೈಪರಿನ್ 20 ಮಿ.ಗ್ರಾಂ ಸೇರಿಸಿದಾಗ ಲಭ್ಯತೆ ಶೇಕಡಾ 2,000ರಷ್ಟು ಏರಿತು. ಆ ಬಳಿಕ ನ್ಯಾನೊ ಕರ್ಕ್ಯುಮಿನ್, ಲೈಪೊಸೋಮ್ ಕರ್ಕ್ಯುಮಿನ್ ಎಂದು ಹತ್ತಾರು ಬಗೆಯ ಕ್ಯಾಪ್ಸೂಲುಗಳು ಬಂದವು. 2019ರಲ್ಲಿ ಇಟಲಿಯಿಂದ ಅರಿಸಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳು ಬಂದವು. 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ, ಹೀರುವಿಕೆ ಹೆಚ್ಚಿಸಿದ ಅಥವಾ ಪ್ರಮಾಣ ಹೆಚ್ಚಿರುವ ಪೂರಕಗಳಲ್ಲಿ ಈ ಅಪಾಯ ಹೆಚ್ಚಿರಬಹುದೆಂದು ಎಚ್ಚರಿಸಿತು. ನಮ್ಮ ಅಜ್ಜಿಯರ ಸಾರಿನಲ್ಲಿನ ಚಿಟಿಕೆ ಅರಿಸಿನಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾರಿನ ಅರಿಸಿನ ನಿರಪಾಯವಾಗಿದ್ದುದರಲ್ಲಿ ಅದು ಹೀರಲ್ಪಡದಿದ್ದುದರ ಪಾಲೂ ಇದ್ದಿರಬೇಕು. ಆ ತಡೆಯನ್ನು ತಂತ್ರಜ್ಞಾನದಿಂದ ಕಿತ್ತ ಮೇಲೆ, ತಲೆತಲಾಂತರದಿಂದ ತಿನ್ನುತ್ತಿದ್ದೇವೆ ಎಂಬ ಭರವಸೆ ಆ ಕ್ಯಾಪ್ಸೂಲಿಗೆ ಅನ್ವಯಿಸುವುದಿಲ್ಲ.

ನ್ಯಾನೊ ಎಂದು ದೊಡ್ಡಕ್ಷರದಲ್ಲಿ ಬರೆದ 60,000 ಯೂನಿಟ್ಟಿನ ವಿಟಮಿನ್ ಡಿ ಸೀಸೆಗಳನ್ನೂ ಹೀಗೆಯೇ ತೂಗಿ ನೋಡಬೇಕು. ಪಿತ್ತರಸದ ಅಥವಾ ಮೇದೋಜೀರಕದ ತೊಂದರೆಯಿಂದ ಜಿಡ್ಡು ಜೀರ್ಣವಾಗದವರಿಗೆ ಅದರಿಂದ ಉಪಯೋಗವಿದ್ದೀತು. ಆರೋಗ್ಯವಂತ ಕರುಳಿರುವವರು ಸಾದಾ ವಿಟಮಿನ್ ಡಿಯನ್ನು ಒಂದು ಚಮಚ ತುಪ್ಪವಿರುವ ಊಟದ ಜೊತೆಗೆ ತೆಗೆದುಕೊಂಡರೆ ಸಾಕು. ಹೆಚ್ಚಿನ ಬೆಲೆ ತೆತ್ತು ನ್ಯಾನೊ ಕೊಳ್ಳುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ಕಣಗಳ ಸುರಕ್ಷತೆಯ ಬಗ್ಗೆ ಜನರಲ್ಲಿ ಇರುವ ಅಂಜಿಕೆಯನ್ನು ಎರಡಾಗಿ ಬಿಡಿಸಿ ನೋಡುವುದು ಸರಿ. ಫೆನೊಫೈಬ್ರೇಟಿನ ನ್ಯಾನೊ ಹರಳು ಕರುಳಿನಲ್ಲಿ ಕರಗಿದ ಮೇಲೆ ಅದು ಕಣವಾಗಿ ಉಳಿಯುವುದೇ ಇಲ್ಲ, ಹಳೆಯ ಗುಳಿಗೆಯ ಅಣುವಿಗೂ ಅದಕ್ಕೂ ಭೇದವಿಲ್ಲ. ಕರಗದೆ ಉಳಿಯುವ ಕಣಗಳ ಪ್ರಶ್ನೆ ಬೇರೆ. ತಿಂಡಿಗಳಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡನ್ನು, ಅದರಲ್ಲಿನ ಅತಿಸೂಕ್ಷ್ಮ ಕಣಗಳ ಕುರಿತ ಶಂಕೆಯೂ ಸೇರಿದಂತೆ ಹಲವು ಕಾರಣಗಳಿಂದ, ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಿಂದ ನಿಷೇಧಿಸಿತು.

ಇನ್ನು ನಮ್ಮ ದೇಶದ ನಿಯಮಗಳು. ನೀರಿನಲ್ಲಿ ಕರಗದ ಔಷಧಗಳ ಜೆನೆರಿಕ್ ಗುಳಿಗೆಗಳನ್ನು ತಯಾರಿಸುವವರು, ಅವು ಮೂಲ ಗುಳಿಗೆಯಷ್ಟೇ ರಕ್ತಕ್ಕೆ ಸೇರುತ್ತವೆ ಎಂದು ಮನುಷ್ಯರಲ್ಲಿ ಪರೀಕ್ಷಿಸಿ ತೋರಿಸಲೇಬೇಕೆಂಬ ನಿಯಮ ಬಂದದ್ದು 2017ರ ಏಪ್ರಿಲಿನಲ್ಲಿ. ಅದಕ್ಕೆ ಮುನ್ನ, ಔಷಧವೊಂದು ಒಪ್ಪಿಗೆ ಪಡೆದು ನಾಲ್ಕು ವರ್ಷ ಕಳೆದ ಮೇಲೆ ಈ ಪರೀಕ್ಷೆಯಿಲ್ಲದೆಯೇ ರಾಜ್ಯಮಟ್ಟದಲ್ಲಿ ಪರವಾನಗಿ ಸಿಗುತ್ತಿತ್ತು. ಹಾಗೆ ಹಿಂದೆ ಪರವಾನಗಿ ಪಡೆದ ಗುಳಿಗೆಗಳು ಇನ್ನೂ ಅಂಗಡಿಗಳಲ್ಲಿವೆ. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷೆಗಳ ನಿಯಮಾವಳಿ, ಹೊಸ ಬಗೆಯ ವಿತರಣಾ ವಿಧಾನವಿರುವ (ಅಂದರೆ ಮೈಯೊಳಗೆ ತಲುಪಿಸುವ ಬಗೆ ಹೊಸದಾಗಿರುವ) ಔಷಧವನ್ನು ಎಂದೆಂದಿಗೂ ‘ಹೊಸ ಔಷಧ’ ಎಂದೇ ಪರಿಗಣಿಸುತ್ತದೆ, ನಾಲ್ಕು ವರ್ಷದ ಮಿತಿ ಅದಕ್ಕಿಲ್ಲ. ಇದು ಸರಿಯಾದ ಕ್ರಮ. ಅದೇ ವರ್ಷದ ಅಕ್ಟೋಬರಿನಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ, ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಜೊತೆಗೂಡಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. ಕಣದ ಗಾತ್ರ, ಅದರ ಹರವು, ಸಂಗ್ರಹದಲ್ಲಿ ಅದು ಹೇಗಿರುತ್ತದೆ ಎಂಬುದೆಲ್ಲ ಅದರಲ್ಲಿದೆ. ಆದರೆ ಔಷಧವೆಂದಲ್ಲದೆ ಆಹಾರ ಪೂರಕವೆಂದು ಪರವಾನಗಿ ಪಡೆದ ನ್ಯಾನೊ ಕ್ಯಾಪ್ಸೂಲುಗಳಿಗೆ ಔಷಧದಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇಲ್ಲ. ನನ್ನ ದೃಷ್ಟಿಯಲ್ಲಿ ಇಂದಿನ ದೊಡ್ಡ ಕಂಡಿ ಇದೇ. ಬೆಲೆಯ ವಿಷಯದಲ್ಲೂ ಒಂದು ಮಾತು: ದೇಶದಲ್ಲೇ ಸಂಶೋಧಿಸಿದ ಹೊಸ ವಿತರಣಾ ವಿಧಾನದ ಔಷಧಕ್ಕೆ 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ಐದು ವರ್ಷ ವಿನಾಯಿತಿ ಇದೆ. ಸಂಶೋಧನೆಗೆ ಉತ್ತೇಜನ ಬೇಕು ನಿಜ, ಆದರೆ ಆ ಐದು ವರ್ಷ ಬಡ ರೋಗಿಗೆ ಹಳೆಯ ಕ್ಯಾಪ್ಸೂಲೇ ಗತಿ.

ಹಾಗಾಗಿ ಹಳೆಯದನ್ನು ಸರಿಯಾಗಿ ನುಂಗುವುದನ್ನು ಹೇಳಿಕೊಡುವುದಕ್ಕೆ ಹೊಸದನ್ನು ಕಂಡುಹಿಡಿಯುವಷ್ಟೇ ಮಹತ್ವವಿದೆ ಎಂದು ನಾನು ನಂಬಿದ್ದೇನೆ. 100ರ ಇಟ್ರಾಕೊನಜೋಲ್ ಅನ್ನು ಹೊಟ್ಟೆತುಂಬ ಉಂಡ ಕೂಡಲೇ, ಆಮ್ಲ ತಗ್ಗಿಸುವ ಗುಳಿಗೆಯ ಜೊತೆಗಲ್ಲದೆ ನುಂಗಿದ್ದರೆ ನಮ್ಮ ಸಂಬಂಧಿಯ ಮೊದಲ ತಿಂಗಳು ವ್ಯರ್ಥವಾಗುತ್ತಿರಲಿಲ್ಲವೇನೋ. ಇರಿಸುವ ಜಾಗದ ಬಗೆಗೂ ಎಚ್ಚರ ಬೇಕು. ಪಾಲಿಮರಿನಲ್ಲಿ ಚದುರಿಸಿಟ್ಟ ಔಷಧ ತೇವ ಮತ್ತು ಬಿಸಿಗೆ ಸಿಕ್ಕರೆ ಮತ್ತೆ ಹರಳುಗಟ್ಟಿ ತನ್ನ ಹೆಚ್ಚುಗಾರಿಕೆಯನ್ನು ಕಳೆದುಕೊಳ್ಳಬಲ್ಲದು. ಗದಗಿನ ಏಪ್ರಿಲ್ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ, ಗೂಡಿನಲ್ಲಿ ತಿಂಗಳುಗಟ್ಟಲೆ ಬಿದ್ದ ಸ್ಟ್ರಿಪ್ ಒಳಗೆ ಏನಾಗಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ನ್ಯಾನೊ ಅಥವಾ ಹೆಚ್ಚು ಹೀರಲ್ಪಡುವ ರೂಪದ ಪ್ರತಿ ಸ್ಟ್ರಿಪ್ಪಿನ ಮೇಲೂ ‘ಇದರ ಇಷ್ಟು ಮಿಲಿಗ್ರಾಂ ಸಾಮಾನ್ಯ ರೂಪದ ಇಷ್ಟು ಮಿಲಿಗ್ರಾಮಿಗೆ ಸಮ’ ಎಂಬ ಒಂದು ಸಾಲನ್ನು ಕನ್ನಡದಲ್ಲೂ ಅಚ್ಚು ಮಾಡುವುದು ಕಡ್ಡಾಯವಾಗಬೇಕು. ಇದಕ್ಕೆ ಹೊಸ ವಿಜ್ಞಾನ ಬೇಕಿಲ್ಲ, ಆ ಅಂಕಿ ತಯಾರಕರ ಕಡತದಲ್ಲಿ ಈಗಾಗಲೇ ಇದೆ. ಕಾಲಿನ ಬಾವು ಇಳಿದ ಮೇಲೆ ನಮ್ಮ ಸಂಬಂಧಿ ವೈದ್ಯರ ಸಲಹೆಯಂತೆ ಅದೇ 65ರ ಔಷಧವನ್ನು ಹೊತ್ತಿಗೆ ಒಂದರಂತೆ ಮತ್ತೆ ಶುರುಮಾಡಿದರು. ಆ ಸಲ ಔಷಧಿ ಅಂಗಡಿಯಲ್ಲಿ ಕುಳಿತಿದ್ದ ಹುಡುಗಿ ಸ್ಟ್ರಿಪ್ ತಿರುಗಿಸಿ, ಬೆಳ್ಳಿ ಹಾಳೆಯ ಅಂಚಿಗೆ ಬಾಲ್‌ಪೆನ್ನಿನಿಂದ ಒತ್ತಿ ಬರೆದುಕೊಟ್ಟಳು: ‘ಒಂದೇ. ಇದು ಹಳೇ 100ಕ್ಕೆ ಸಮ.’